ಮಾವಿನ ಸುಗ್ಗಿಯಲ್ಲಿ ಹೂರಣ, ಬೇಕಾದಾಗ ‘ಪೈ’

ತೋತಾಪುರಿ ಬೆಳೆಯುವ ನಮ್ಮ ಗಡಿಸೀಮೆಯ ರೈತಬಾಂಧವರಿಗೆ ಜೂನ್ ತಿಂಗಳು ಸುಗ್ಗಿಯೂ ಹೌದು, ಸಂಕಟವೂ ಹೌದು. ಹೊಸೂರು-ಕೃಷ್ಣಗಿರಿಯ ಕಡೆ, ಕೋಲಾರದ ಶ್ರೀನಿವಾಸಪುರದ ಕಡೆ, ಆಂಧ್ರದ ಚಿತ್ತೂರಿನ ಕಡೆ ಒಂದೇ ಜಾತಿಯ ಹಣ್ಣು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮರದಿಂದ ಇಳಿಯುತ್ತದೆ. ಅದರಲ್ಲಿ ಬಹುಪಾಲು ತಿನ್ನುವವರ ಕೈಗೆ ಹೋಗದೆ ತಿರುಳು ತೆಗೆಯುವ ಕಾರ್ಖಾನೆಗೇ ಹೋಗುವುದರಿಂದ, ಕಾರ್ಖಾನೆಯವರು ಬೇಡವೆಂದ ದಿನ ರೈತನಿಗೆ ಬೇರೆ ಬಾಗಿಲಿಲ್ಲ. 2025ರ ಜೂನ್‌ನಲ್ಲಿ ಚಿತ್ತೂರಿನ ಜಿಲ್ಲಾಧಿಕಾರಿಗಳು ಹೊರರಾಜ್ಯದ ತೋತಾಪುರಿಯನ್ನು ಜಿಲ್ಲೆಯೊಳಗೆ ಬಿಡಕೂಡದೆಂದು ಆಜ್ಞೆ ಮಾಡಿದ್ದನ್ನೂ, ಅದರಿಂದ ಗಡಿಯ ಈಚೆಗಿನವರಿಗೆ ಆದ ತೊಂದರೆಯನ್ನೂ ಓದುಗರು ಮರೆತಿರಲಾರರು. ಅಲ್ಲಿಯ ಬೆಳೆಗಾರರಿಗಾದರೂ ಸುಖವಿತ್ತೇ ಎಂದರೆ ಅದೂ ಇಲ್ಲ. ಕಿಲೋಗೆ 12 ರೂಪಾಯಿ ಸಿಗಲೆಂದು ಕಾರ್ಖಾನೆಯವರಿಂದ 8, ಸರಕಾರದಿಂದ 4 ಎಂದು ಗೊತ್ತುಮಾಡಬೇಕಾಯಿತು. ಹಣ್ಣಿಗೆ ರಾಜ್ಯವಿಲ್ಲ, ಅದನ್ನು ಹೊತ್ತ ಲಾರಿಗೆ ಉಂಟು.

ಒಂದು ಭಕ್ಷ್ಯದಿಂದ ಈ ಕಷ್ಟ ನೀಗುವುದೆಂದು ಹೇಳಿದರೆ ಯಾರಾದರೂ ನಕ್ಕಾರು. ಇಲ್ಲಿ ಹೇಳಹೊರಟದ್ದು ಅಷ್ಟು ದೊಡ್ಡ ಮಾತಲ್ಲ. ಮಂಡಿಯವನು ಆರಿಸಿ ಬದಿಗೆ ಹಾಕಿದ ಹಣ್ಣು, ಕೊಯ್ಯುವಾಗ ಬಿದ್ದು ಒಂದು ಮಗ್ಗುಲು ಪೆಟ್ಟಾದ ಹಣ್ಣು ಪ್ರತಿ ತೋಟದ ಮನೆಯಲ್ಲೂ ಬುಟ್ಟಿಗಟ್ಟಲೆ ಇರುತ್ತದೆ. ಎಷ್ಟೆಂದು ತಿನ್ನುವುದು? ನಾಲ್ಕು ದಿನ ಮಕ್ಕಳು ತಿಂದಾರು, ಐದನೆಯ ದಿನ ಅದು ತಿಪ್ಪೆಗೆ. ಆ ಬುಟ್ಟಿಯನ್ನು ಒಂದು ಮಧ್ಯಾಹ್ನದ ಕೆಲಸದಿಂದ ಹೂರಣವಾಗಿ ಮಾಡಿ ಮಂಜುಗಟ್ಟಿಸಿಟ್ಟರೆ, ಮಾವಿನ ಹೆಸರೇ ಇಲ್ಲದ ದೀಪಾವಳಿಯಲ್ಲಿ ‘ಪೈ’ ಎಂಬ ಭಕ್ಷ್ಯವನ್ನು ಮನೆಯಲ್ಲೇ ಬೇಯಿಸಬಹುದು. ಹಣ್ಣು ಆರಿಸುವಾಗ ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಕ್ಕಿ ಕುಕ್ಕಿದ್ದು, ಬಾವಲಿ ಕಚ್ಚಿದ್ದು ಬೇಡವೇ ಬೇಡ. 2018ರಲ್ಲಿ ಕೇರಳದ ಕೋಳಿಕೋಡು ಸೀಮೆಯಲ್ಲಿ ನಿಪಾ ಜ್ವರ ಕಾಣಿಸಿಕೊಂಡ ಮೇಲಂತೂ ಈ ವಿಷಯದಲ್ಲಿ ಉದಾಸೀನ ಸಲ್ಲದು.

ಪೈ ಎಂದರೆ ಏನು ಎಂದು ಕೇಳುವವರಿಗೆ ಸುಲಭವಾದ ಉತ್ತರವುಂಟು: ತಟ್ಟೆಯ ಗಾತ್ರದ, ಎಣ್ಣೆಯಲ್ಲಿ ಕರಿಯದೆ ಒಲೆಯ ಕಾವಿನಲ್ಲಿ ಬೇಯಿಸಿದ ಕಡುಬು. ಕೆಳಗೊಂದು ಕಣಕದ ಹಾಳೆ, ನಡುವೆ ಹಣ್ಣಿನ ಹೂರಣ, ಮೇಲೊಂದು ಹಾಳೆ. ಇಂಗ್ಲೆಂಡಿನಲ್ಲಿ ಇದು ಹಳೆಯದು. 1390ರ ಸುಮಾರಿಗೆ ಅಲ್ಲಿಯ ಅರಮನೆಯ ಅಡಿಗೆಯವರ ಪಾಕಸಂಗ್ರಹದಲ್ಲೇ ಸೇಬು, ಮರಸೇಬು, ಅಂಜೂರ, ಒಣದ್ರಾಕ್ಷಿಗಳನ್ನು ಕೇಸರಿಯೊಡನೆ ಕಣಕದ ಗೂಡಿನಲ್ಲಿ ಬೇಯಿಸುವ ವಿಧಾನವಿದೆ. ಅಲ್ಲಿಂದ ಅಮೆರಿಕಕ್ಕೆ ಹೋದವರು ಅದನ್ನು ತಮ್ಮದೇ ಭಕ್ಷ್ಯವೆಂಬಷ್ಟು ಬೆಳೆಸಿದರು. ಅವರಿಗೆ ಸೇಬು ಹೇಗೋ ನಮಗೆ ದೋರೆಯಾದ ತೋತಾಪುರಿ ಹಾಗೆ. ಗಿಣಿಮೂತಿ ಎಂದು ನಾವು ಕರೆಯುವ ಈ ಹಣ್ಣಿಗೆ ನಾರು ಕಡಿಮೆ, ತಿರುಳು ಗಟ್ಟಿ, ಸಿಹಿಯ ಹಿಂದೆ ನಸುಹುಳಿ. ಬೇಯಿಸಿದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ. ಪೂರ್ಣ ಕಳಿತ ರಸಪುರಿಯೋ ಬಾದಾಮಿಯೋ ಆದರೆ ಕರಗಿ ಪಾಯಸವಾದೀತು. ತಿನ್ನಲು ಎರಡನೆಯ ದರ್ಜೆಯದೆಂದು ತೋತಾಪುರಿಯನ್ನು ಹಳಿಯುವವರು ಈ ಒಂದು ಕೆಲಸದಲ್ಲಿ ಅದಕ್ಕೆ ಮೊದಲ ಮಣೆ ಹಾಕಲೇಬೇಕು.

ಹಣ್ಣನ್ನು ಕಾದಿಡುವುದು ನಮ್ಮವರಿಗೆ ಹೊಸದಲ್ಲ. ಕಾಸರಗೋಡಿನ ಕಡೆಯ ಸಹೋದರಿಯರು ಮಾವಿನ ರಸವನ್ನು ಚಾಪೆಯ ಮೇಲೆ ಪದರಪದರವಾಗಿ ಹರಡಿ ಮಾಂಬಳ ಮಾಡುತ್ತಾರೆ. ಹಲಸಿನ ಹಣ್ಣನ್ನು ಬೆಲ್ಲದೊಡನೆ ಕಾಯಿಸಿ ಬೆರಟಿ ಮಾಡಿ ಮಳೆಗಾಲಕ್ಕೆ ಇಡುತ್ತಾರೆ. ಅಲ್ಲಿ ಬಿಸಿಲೂ ಬೆಂಕಿಯೂ ನೀರನ್ನು ಓಡಿಸುತ್ತವೆ. ಮಂಜುಗಟ್ಟಿಸುವಾಗ ನೀರು ಓಡಿಹೋಗುವುದಿಲ್ಲ, ಇದ್ದಲ್ಲೇ ಕಲ್ಲಾಗುತ್ತದೆ. ಕಷ್ಟವೂ ಅಲ್ಲಿಯೇ ಇದೆ. ನಿಧಾನವಾಗಿ ಗಟ್ಟಿಯಾದ ನೀರು ದೊಡ್ಡ ದೊಡ್ಡ ಹರಳು ಕಟ್ಟಿ ಹಣ್ಣಿನ ಕೋಶಗಳನ್ನು ಹರಿದುಬಿಡುತ್ತದೆ. ಕರಗಿದಾಗ ರಸವೆಲ್ಲ ಹೊರಗೆ, ಹೋಳು ಬರಿಯ ಚಿಂದಿ. ಬೇಗನೆ ಗಟ್ಟಿಯಾದರೆ ಹರಳು ಸಣ್ಣದು, ಹಾನಿ ಕಡಿಮೆ. ಬರ್ಡ್ಸ್‌ಐ ಎಂಬ ಅಮೆರಿಕದವನು 1912ರ ನಂತರದ ಕೆಲವು ವರ್ಷ ಉತ್ತರದ ಲ್ಯಾಬ್ರಡಾರ್ ಸೀಮೆಯಲ್ಲಿದ್ದಾಗ, ಅಲ್ಲಿಯ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಕಲ್ಲಾಗುವುದನ್ನೂ, ತಿಂಗಳುಗಳ ಮೇಲೆ ಕರಗಿಸಿದರೂ ಹೊಸದರಂತೆಯೇ ಇರುವುದನ್ನೂ ಕಂಡು ಈ ಗುಟ್ಟನ್ನು ಯಂತ್ರಕ್ಕೆ ಇಳಿಸಿದನು. 1930ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಅಂಗಡಿಗಳಲ್ಲಿ ಅವನ ಮಂಜುಗಟ್ಟಿದ ಆಹಾರಗಳ ಮಾರಾಟ ಮೊದಲಾಯಿತು.

ನಮ್ಮ ಮನೆಯ ಫ್ರಿಜ್ಜಿಗೆ ಅಂಥ ವೇಗವಿಲ್ಲ. ಆದುದರಿಂದ ಎರಡು ಉಪಾಯ ಮಾಡತಕ್ಕದ್ದು: ಹೂರಣವನ್ನು ತೆಳ್ಳಗೆ ಹರಡಿ ಇಡುವುದು, ಹಣ್ಣಿನ ನೀರನ್ನು ಮೊದಲೇ ಒಂದು ಹಿಟ್ಟಿನಲ್ಲಿ ಕಟ್ಟಿಹಾಕುವುದು. ಯಾವ ಹಿಟ್ಟು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಪೇಟೆಯ ಕಾರ್ನ್‌ಫ್ಲೋರಿನಿಂದಲೋ ಮೈದಾದಿಂದಲೋ ಗಟ್ಟಿಮಾಡಿದ ಪಾಕ ಮಂಜುಗಟ್ಟಿ ಕರಗಿದಾಗ ನೀರು ಬಿಡುತ್ತದೆ. ಮರಗೆಣಸಿನ ಹಿಟ್ಟು ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ಮರಗೆಣಸಿನ ಹಿಟ್ಟಿಗೆ ದೂರ ಹೋಗಬೇಕಾಗಿಲ್ಲ. ಸೇಲಂ ಕಡೆಯಿಂದ ಬರುವ ಸಬ್ಬಕ್ಕಿ ಅದರಿಂದಲೇ ಆದದ್ದು. ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿದರೆ ಆಯಿತು.

22 ಸೆಂಟಿಮೀಟರು ಅಗಲದ ಒಂದು ಪೈಗೆ ಒಂದೂವರೆ ಕಿಲೋ ದೋರೆಹಣ್ಣು ಬೇಕು. ಸಿಪ್ಪೆ, ಗೊರಟೆ, ಪೆಟ್ಟಾದ ಭಾಗ ತೆಗೆದು ಬೆರಳಗಲದ ಹೋಳು ಮಾಡಿದರೆ ಸುಮಾರು ಒಂದು ಕಿಲೋ ಉಳಿಯುತ್ತದೆ. ಇದಕ್ಕೆ 150 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಬೇಕು. ಹಣ್ಣು ಹೆಚ್ಚು ಕಳಿತಿದ್ದರೆ ಸಕ್ಕರೆ ಕಡಿಮೆ ಮಾಡಿ ಒಂದು ನಿಂಬೆಯ ರಸ ಹಿಂಡಿರಿ. ಬೆಲ್ಲವೂ ಆದೀತು, ಬಣ್ಣ ಮಾತ್ರ ಕಪ್ಪಾಗುವುದು. ಹೋಳುಗಳು ಬಿಟ್ಟ ರಸವನ್ನು ದಪ್ಪತಳದ ಪಾತ್ರೆಗೆ ಬಸಿದು, ನಾಲ್ಕು ದೊಡ್ಡ ಚಮಚ ಸಬ್ಬಕ್ಕಿ ಪುಡಿಯನ್ನು ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸಿರಿ. ರಸ ಸಾಲದಿದ್ದರೆ ಕಾಲು ಲೋಟ ನೀರು ಸೇರಿಸಬಹುದು. ಬಿಳುಪು ಹೋಗಿ ಪಾಕ ತಿಳಿಯಾಗಿ ದಪ್ಪವಾದಾಗ ಹೋಳುಗಳನ್ನು ಹಾಕಿ, ಅವು ಒಳಗಿನವರೆಗೆ ಬಿಸಿಯಾಗುವಷ್ಟು ಹೊತ್ತು, ಅಂದರೆ ಮೂರು-ನಾಲ್ಕು ನಿಮಿಷ ಮಾತ್ರ ಬೇಯಿಸಬೇಕು. ಏಲಕ್ಕಿ ಇಲ್ಲವೆ ಒಣಶುಂಠಿ ನಿಮ್ಮ ರುಚಿಗೆ ಬಿಟ್ಟದ್ದು. ಎರಡನ್ನೂ ಹಾಕಿದರೆ ಮಾವಿನ ವಾಸನೆಯೇ ಸತ್ತುಹೋದೀತು.

ಇಳಿಸಿದ ಪಾತ್ರೆಯನ್ನು ಕೂಡಲೇ ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿರಿ. ಮಂಜು ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಬಿಸಿಯಲ್ಲೇ ಅರ್ಧ ದಿನ ಹೊರಗಿಟ್ಟ ಹೂರಣವನ್ನು ಆಮೇಲೆ ಎಷ್ಟು ತಣ್ಣಗಿಟ್ಟರೂ ಪ್ರಯೋಜನವಿಲ್ಲ. ಆರಿದ ಮೇಲೆ, ಮುಂದೆ ಯಾವ ತಟ್ಟೆಯಲ್ಲಿ ಪೈ ಬೇಯಿಸುವಿರೋ ಅದೇ ತಟ್ಟೆಯ ಒಳಗೆ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಹಾಳೆ ಹಾಸಿ ಹೂರಣವನ್ನು ಸಮನಾಗಿ ಹರಡಿ ಫ್ರೀಜರಿನಲ್ಲಿಡಿ. ಮಾರನೆಯ ದಿನ ಅದು ಬಿಲ್ಲೆಯಾಗಿರುತ್ತದೆ. ತಟ್ಟೆ ಬಿಡಿಸಿ, ಬಿಲ್ಲೆಗೆ ಗಾಳಿ ತಾಗದಂತೆ ಸುತ್ತಿ, ಮೇಲೆ ತಾರೀಖು ಬರೆದಿಡಿ. ತಟ್ಟೆ ಮತ್ತೆ ಕೈಗೆ ಬಂತು. ಅದರಲ್ಲಿಯೇ ಇನ್ನೊಂದು ಬಿಲ್ಲೆ ಹಾಕಬಹುದು. ಒಂದೇ ದಿನ ಐದಾರನ್ನು ತುರುಕಿದರೆ ಮಾತ್ರ ಫ್ರೀಜರು ಸೋಲುತ್ತದೆ, ಹರಳು ದೊಡ್ಡದಾಗುತ್ತದೆ.

ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಫ್ರೀಜರಿನಲ್ಲಿ ಈ ಬಿಲ್ಲೆಗಳು ಏಳೆಂಟು ತಿಂಗಳು ರುಚಿಗೆಡದೆ ಇರುತ್ತವೆ. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಸಣ್ಣ ಖಾನೆಯನ್ನು ಅಷ್ಟು ನಂಬಲಾಗದು. ಅಲ್ಲಿಟ್ಟದ್ದನ್ನು ಎರಡು ತಿಂಗಳೊಳಗೆ ಮುಗಿಸುವುದು ಲೇಸು. ಇನ್ನು ಹಳ್ಳಿಯ ಕರೆಂಟು. ತುಂಬಿದ ಡೀಪ್ ಫ್ರೀಜರು ಬಾಗಿಲು ತೆರೆಯದಿದ್ದರೆ ಸುಮಾರು ಎರಡು ದಿನ, ಅರೆ ತುಂಬಿದ್ದು ಒಂದು ದಿನ ತಣ್ಣಗಿರುತ್ತದೆ. ನೀವು ನಾಲ್ಕು ದಿನ ನೆಂಟರ ಮನೆಗೆ ಹೋಗಿ ಬಂದಾಗ ನಡುವೆ ಏನಾಯಿತೆಂದು ತಿಳಿಯುವುದು ಹೇಗೆ? ಒಂದು ಸಣ್ಣ ಬಟ್ಟಲಲ್ಲಿ ನೀರಿಟ್ಟು ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ಎಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಎಷ್ಟು ಹೊತ್ತು ಕರಗಿತ್ತೆಂದು ಹೇಳುವ ಸಾಕ್ಷಿಯಿಲ್ಲದುದರಿಂದ ಅಂಥದನ್ನು ಎಸೆಯುವುದೇ ಸರಿ.

ಕಣಕದ ವಿಷಯದಲ್ಲಿ ನಮ್ಮ ಹೆಂಗಸರು ತಮಗೆ ತಿಳಿದುದನ್ನು ಸ್ವಲ್ಪ ಹೊತ್ತು ಮರೆಯಬೇಕಾಗುವುದು. ಹೋಳಿಗೆಯ ಕಣಕವನ್ನು ನಾದಿದಷ್ಟೂ, ಎಣ್ಣೆಯಲ್ಲಿ ನೆನೆಸಿದಷ್ಟೂ ಒಳ್ಳೆಯದು. ಅದು ಎಳೆದಂತೆ ಬರಬೇಕು. ಪೈಯ ಕಣಕ ತದ್ವಿರುದ್ಧ. ನಾದಿದರೆ ಚರ್ಮವಾಗುತ್ತದೆ. 300 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ 200 ಗ್ರಾಂ ಬೆಣ್ಣೆ. ಮನೆಯ ಬೆಣ್ಣೆಯಾದರೆ ಮಜ್ಜಿಗೆ ಹೋಗುವಂತೆ ತೊಳೆದು ನೀರು ಹಿಂಡಿರಬೇಕು. ಬೆಣ್ಣೆಯನ್ನು ತುಣುಕು ಮಾಡಿ ಹಿಟ್ಟಿನಲ್ಲಿ ಬೆರಳ ತುದಿಯಿಂದ ಉಜ್ಜಿ, ಬಟಾಣಿಕಾಳಿನಷ್ಟು ಚೂರುಗಳು ಅಲ್ಲಲ್ಲಿ ಉಳಿದಿರುವಾಗಲೇ ನಿಲ್ಲಿಸಿ. ಆ ಚೂರುಗಳು ಒಲೆಯಲ್ಲಿ ಕರಗಿ ಬಿಟ್ಟ ಜಾಗವೇ ಪದರವಾಗುವುದು. ಐಸುನೀರನ್ನು ಚಮಚ ಚಮಚವಾಗಿ, ಹಿಡಿದರೆ ಮುದ್ದೆಯಾಗುವಷ್ಟು ಮಾತ್ರ ಚಿಮುಕಿಸಿ, ಎರಡು ಉಂಡೆ ಮಾಡಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮಾಡಿ ಮುಗಿಸಬೇಕು. ಗೋಧಿಹಿಟ್ಟನ್ನು ಮೂರನೆಯ ಒಂದು ಪಾಲಿನವರೆಗೆ ಬೆರೆಸಬಹುದು. ಹೆಚ್ಚಾದರೆ ರೊಟ್ಟಿಯ ಗುಣ ಬರುವುದು.

ಬೇಯಿಸುವ ದಿನ ಹೂರಣ ಕರಗಿಸುವ ಗೋಜಿಗೇ ಹೋಗಬೇಡಿ. ಒಂದು ಉಂಡೆಯನ್ನು ಚಪಾತಿಗಿಂತ ತುಸು ದಪ್ಪಗೆ ಲಟ್ಟಿಸಿ ತಟ್ಟೆಗೆ ಹಾಸಿ, ಹೊದಿಕೆ ಬಿಚ್ಚಿದ ಬಿಲ್ಲೆಯನ್ನು ಕಲ್ಲಾಗಿರುವಂತೆಯೇ ಅದರೊಳಗೆ ಕೂರಿಸಿ. ಅದೇ ತಟ್ಟೆಯ ಅಚ್ಚಾದ್ದರಿಂದ ಸರಿಯಾಗಿ ಕೂರುತ್ತದೆ. ಕೆಳಗಿನ ಹಾಳೆಯೂ ಬೇಗ ನೆನೆಯುವುದಿಲ್ಲ. ಮೇಲಿನ ಹಾಳೆ ಹೊದಿಸಿ, ಕರಿಗಡುಬಿನ ಅಂಚಿನಂತೆ ಸುತ್ತಲೂ ಮಡಿಸಿ ಒತ್ತಿ, ಹಬೆ ಹೋಗಲು ನಾಲ್ಕು ಕಡೆ ಸೀಳಬೇಕು. ತಟ್ಟೆ ಅಲ್ಯುಮಿನಿಯಂ ಅಥವಾ ಸ್ಟೀಲಿನದೇ ಆಗಿರಲಿ. ಮಂಜಿನ ಬಿಲ್ಲೆ ಹೊತ್ತ ಗಾಜಿನ ತಟ್ಟೆ ಬಿಸಿ ಒಲೆಯಲ್ಲಿ ಸಿಡಿಯುವುದುಂಟು. ಓವನ್ ಇದ್ದವರು 220 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 190ಕ್ಕೆ ಇಳಿಸಿ ಸುಮಾರು ಒಂದು ಗಂಟೆ ಬೇಯಿಸತಕ್ಕದ್ದು. ಮೇಲು ಕೆಂಪಾದ ಮಾತ್ರಕ್ಕೆ ತೆಗೆಯಬಾರದು. ಸೀಳುಗಳಲ್ಲಿ ಹೂರಣ ಕೊತಕೊತ ಕುದಿಯುವುದು ಕಾಣಬೇಕು. ತೆಗೆದ ಮೇಲೆ ಮೂರು ಗಂಟೆ ಮುಟ್ಟದಿರುವುದು ಮಕ್ಕಳಿರುವ ಮನೆಯಲ್ಲಿ ಕಷ್ಟವೇ ಸರಿ. ಆದರೆ ಪಾಕ ಆರಿದ ಮೇಲೆಯೇ ಹಿಡಿಯುವುದು; ಬಿಸಿಯಲ್ಲಿ ಕುಯ್ದರೆ ಎಲ್ಲವೂ ತಟ್ಟೆಗೆ ಹರಿಯುತ್ತದೆ.

ತೋತಾಪುರಿ ಇಲ್ಲದ ಕಡೆ ನೀಲಗಿರಿಯವರು ಪ್ಲಮ್, ಪೀಚು, ಮರಸೇಬುಗಳಲ್ಲಿಯೂ, ವಯನಾಡಿನವರು ಅನಾನಸಿನಲ್ಲಿಯೂ ಇದೇ ಕ್ರಮ ನಡೆಸಬಹುದು. ಪ್ಲಮ್ಮಿಗೆ ಸಕ್ಕರೆ ಹೆಚ್ಚು ಬೇಕು. ಅನಾನಸನ್ನು ಸಣ್ಣಗೆ ಹೆಚ್ಚಬೇಕು. ಸೊಲ್ಲಾಪುರದ ದಾಳಿಂಬೆ ಈ ಕೆಲಸಕ್ಕೆ ಒಗ್ಗದು. ಬೀಜವನ್ನು ಉಗಿಯುತ್ತ ಪೈ ತಿನ್ನುವವರು ಯಾರು?

ಓವನ್ ಇಲ್ಲದವರು ಪೇಟೆಯ ಬೇಕರಿಯವರ ಪರಿಚಯವಿದ್ದರೆ ಅವರ ಬ್ರೆಡ್ಡಿನ ಸರದಿ ಮುಗಿದ ಮೇಲೆ ತಟ್ಟೆಯನ್ನು ಒಳಗಿಡಲು ಕೇಳಿಕೊಳ್ಳಬಹುದು. ಅದೂ ಆಗದಿದ್ದರೆ ಬಾಣಲೆಯೇ ಗತಿ, ಅದರಲ್ಲಿ ಕೀಳೇನೂ ಇಲ್ಲ. ಅಮೆರಿಕದ ದಕ್ಷಿಣ ಭಾಗದ ಹಳ್ಳಿಗರೇ ಹಣ್ಣಿನ ಹೂರಣವನ್ನು ಅರ್ಧಚಂದ್ರದಂತೆ ಮಡಿಸಿ ಕರಿದು ಅದನ್ನೂ ಪೈ ಎನ್ನುತ್ತಾರೆ. ನೋಡಲು ನಮ್ಮ ಕರಿಗಡುಬೇ. ಹೀಗೆ ಮಾಡುವವರು ಮೇಲೆ ಹೇಳಿದ ಬೆಣ್ಣೆಯ ಕಣಕ ಬಿಟ್ಟು ಎಂದಿನ ಕಡುಬಿನ ಕಣಕವನ್ನೇ ಹಿಡಿಯಲಿ. ಬಿಲ್ಲೆಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಖಾನೆಗೆ ಇಳಿಸಿ ಪೂರ್ತಿ ಕರಗಿಸಿ, ಬಾಣಲೆಯಲ್ಲಿ ಮತ್ತೊಮ್ಮೆ ಗಟ್ಟಿಯಾಗಿ ಮಗುಚಿ, ಆರಿದ ಮೇಲೆ ತುಂಬಬೇಕು. ಮಂಜಿನ ತುಣುಕೊಂದು ಒಳಗೆ ಉಳಿದರೂ ಕಾದ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಒಂದು ಬಿಲ್ಲೆಯ ಹೂರಣದಿಂದ 25ರಿಂದ 30 ಕಡುಬು ಆಗುತ್ತವೆ.