ವಿಂಗೇಟ್ ಸಾಹೇಬನ ಎರಡು ಲೆಕ್ಕ

ಗದಗ, ಮುಂಡರಗಿ ಕಡೆಯ ಯಾವ ಹೊಲದ ಉತಾರವನ್ನಾದರೂ ತೆಗೆದು ನೋಡಿ. ಸರ್ವೆ ನಂಬರು, ಎಕರೆ-ಗುಂಟೆ, ಖರಾಬು, ಕೊನೆಗೆ ಆಕಾರ, ಅಂದರೆ ಹೊಲದ ಕಂದಾಯ. ಎಷ್ಟೋ ಹೊಲಗಳ ಆಕಾರ ಇವತ್ತು ಒಂದು ಪ್ಲೇಟ್ ಗಿರ್ಮಿಟ್ಟಿಗೂ ಸಾಲದು. ಒಂದು ಕಾಲಕ್ಕೆ ಇದೇ ಆಕಾರಕ್ಕೆ ಅಂಜಿ ಜನ ಹೊಲ ಬಿಟ್ಟು ಊರು ಬಿಡುತ್ತಿದ್ದರು. ತೆರಿಗೆ ಎಷ್ಟಿದ್ದರೆ ಬೆಳೆ ಬೆಳೆದೀತು, ಎಷ್ಟಾದರೆ ಹೊಲ ಬೀಳು ಬಿದ್ದೀತು ಎಂಬುದು ಸರಕಾರಕ್ಕೆ ತಿಳಿದದ್ದು ಕೈ ಸುಟ್ಟುಕೊಂಡ ಮೇಲೆಯೇ.

1818ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಗದಗ, ಡಂಬಳದ ಕೋಟೆಗಳನ್ನು ಹಿಡಿದ. ಪೇಶ್ವೆಯ ಸೀಮೆ ಕಂಪನಿಯ ಪಾಲಾಯಿತು. ಲಕ್ಷ್ಮೇಶ್ವರ ಮಿರಜದವರ ಕೈಯಲ್ಲಿ, ಶಿರಹಟ್ಟಿ ಸಾಂಗ್ಲಿಯವರ ಕೈಯಲ್ಲಿ ಉಳಿದವು. ಹೀಗಾಗಿ ಮುಂದೆ ಹೇಳುವ ಕಂಪನಿಯ ಮೋಜಣಿ (ಸರ್ವೆ) ಗದಗ-ಬೆಟಗೇರಿ, ಮುಂಡರಗಿಯ ಕಡೆಯ ಕತೆ. ಆಗ ಆ ತಾಲ್ಲೂಕಿಗೆ ಡಂಬಳ ತಾಲ್ಲೂಕು ಎಂದೇ ಹೆಸರು.

ಹೊಸ ತೆರಿಗೆಯ ಮೊದಲ ಪ್ರಯೋಗ ನಡೆದದ್ದು ಇಲ್ಲಲ್ಲ, ಪುಣೆಯ ಸೀಮೆಯಲ್ಲಿ. ರಾಬರ್ಟ್ ಪ್ರಿಂಗಲ್ ಎಂಬ ತರುಣ ಅಧಿಕಾರಿ ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ಅರ್ಥಶಾಸ್ತ್ರಿ ಮಾಲ್ತಸ್‌ನ ಶಿಷ್ಯನಾಗಿದ್ದವನು. ಬೆಳೆಯ ಬೆಲೆಯಲ್ಲಿ ಖರ್ಚು-ವೆಚ್ಚ ಕಳೆದು ಉಳಿಯುವ ನಿವ್ವಳದ ಮೇಲೆ ಮಾತ್ರ ತೆರಿಗೆ ಹಾಕಿದರೆ ಒಕ್ಕಲುತನಕ್ಕೆ ಧಕ್ಕೆಯಾಗದು ಎಂಬ ರಿಕಾರ್ಡೋನ ಸಿದ್ಧಾಂತವನ್ನು ಅವನು ಹೊಲಕ್ಕೆ ಇಳಿಸಿದ. 1820ರ ದಶಕದ ಕೊನೆಗೆ ನಿವ್ವಳದಲ್ಲಿ ನೂರಕ್ಕೆ 55 ಸರಕಾರಕ್ಕೆ ಎಂದು ಗೊತ್ತುಪಡಿಸಿದ. ಕಾಗದದ ಮೇಲೆ ಒಂದು ತಪ್ಪೂ ಇರಲಿಲ್ಲ. ಆದರೆ ಎತ್ತಿನ ಮೇವಿಗೆಷ್ಟು, ಮನೆಮಂದಿಯ ದುಡಿಮೆಗೆಷ್ಟು, ಮಳೆ ಕೈಕೊಟ್ಟ ವರ್ಷಕ್ಕೆಷ್ಟು ಎಂದು ಲೆಕ್ಕ ಕಟ್ಟುವವರು ಯಾರು? ಕೆಳಗಿನ ನೌಕರರು ಮನಸ್ಸಿಗೆ ಬಂದದ್ದನ್ನು ಬರೆದರು. ಧಾನ್ಯದ ಧಾರಣೆಯೂ ಇಳಿಯಿತು. ಇಂದಾಪುರದ ರೈತರು ಹೊಲ ಬಿಟ್ಟು ನಿಜಾಮನ ಸೀಮೆಗೆ ನಡೆದರು.

1835ರಲ್ಲಿ ಅದೇ ಇಂದಾಪುರಕ್ಕೆ ಹೆನ್ರಿ ಗೋಲ್ಡ್‌ಸ್ಮಿಡ್ ಮತ್ತು ಇಂಜಿನಿಯರ್ ದಳದ ಲೆಫ್ಟಿನೆಂಟ್ ಜಾರ್ಜ್ ವಿಂಗೇಟ್ ಬಂದರು. ನಿವ್ವಳದ ಗೊಡವೆಯನ್ನೇ ಅವರು ಬಿಟ್ಟರು. ಹಳೆಯ ಜಮಾಬಂದಿ ಕಾಗದಗಳನ್ನು ಹರಡಿಕೊಂಡು, ಯಾವ ವರ್ಷ ಎಷ್ಟು ಕೇಳಿದಾಗ ಎಷ್ಟು ಬಂತು, ಎಷ್ಟು ಹೊಲ ಬೀಳು ಬಿತ್ತು ಎಂದು ನೋಡಿದರು. ಹೆಚ್ಚು ಕೇಳಿದ ಸರಕಾರಕ್ಕೆ ಬಾಕಿ ಬೆಳೆದಿತ್ತೇ ಹೊರತು ಬೊಕ್ಕಸ ತುಂಬಿರಲಿಲ್ಲ. ದರ ಇಳಿಸಿದರು, 30 ವರ್ಷ ಏರಿಸುವುದಿಲ್ಲ ಎಂದು ಮಾತು ಕೊಟ್ಟರು. ಬೀಳು ಹೊಲಗಳಿಗೆ ಮತ್ತೆ ನೇಗಿಲು ಬಂತು.

ಈ ಪಾಠ ಕಟ್ಟಿಕೊಂಡು ವಿಂಗೇಟ್ ದಕ್ಷಿಣ ಮರಾಠಾ ಸೀಮೆಯ ಮೋಜಣಿ ಮುಖ್ಯಸ್ಥನಾಗಿ ಧಾರವಾಡಕ್ಕೆ ಬಂದ. 1843ರಿಂದ ಹುಬ್ಬಳ್ಳಿ ಮೊದಲುಗೊಂಡು ಒಂದೊಂದೇ ತಾಲ್ಲೂಕು ಸರಪಳಿಗೆ ಸಿಕ್ಕಿತು. ಸರಪಳಿಯ ಉದ್ದ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಚೌಕ ಎಂದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಳತೆಯವರ ಹಿಂದೆ ಮಣ್ಣಿನ ದರ್ಜೆ ಕಟ್ಟುವವರು ಬರುತ್ತಿದ್ದರು. ಹೊಲದ ಕೈನಕ್ಷೆ ಬರೆದು, ಅದನ್ನು ಪಾಲು ಮಾಡಿ, ಪಾಲಿಗೊಂದು ಕಡೆ ಅಗೆದು, ಮಣ್ಣು ಎಷ್ಟು ಆಳ ಇದೆ ಎಂದು ಮೊಳದಲ್ಲಿ ಅಳೆಯುವುದು. ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಎರೆ (ಕರಿಮಣ್ಣು) ಆದರೆ ಪೂರ್ತಿ 16 ಆಣೆ. ಆಳ ಕಡಿಮೆಯಾದಂತೆ, ಬಣ್ಣ ಮಸಾರಿಗೆ ತಿರುಗಿದಂತೆ, ಸುಣ್ಣದ ಹರಳು, ಮರಳು, ಇಳಿಜಾರು ಕಂಡಂತೆ ಆಣೆ ಇಳಿಯುತ್ತದೆ; ಒಟ್ಟು ಒಂಬತ್ತು ದರ್ಜೆ, ಕಟ್ಟಕಡೆಯದಕ್ಕೆ ಎರಡೇ ಆಣೆ. ಹೊಲ ಎಷ್ಟು ಬೆಳೆಯುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಈ ಹೊಲಕ್ಕಿಂತ ಆ ಹೊಲ ಎಷ್ಟು ಮೇಲು ಎಂಬುದಷ್ಟೇ ಬೇಕಾಗಿತ್ತು. ಮೋಜಣಿ ಅಧಿಕಾರಿಗಳ 1847ರ ಜಂಟಿ ವರದಿಯಲ್ಲಿ ಇದೆಲ್ಲ ನಿಯಮವಾಯಿತು. ಅದರೊಳಗೆ ನನಗೆ ಬಹಳ ಮುಖ್ಯವೆನಿಸುವುದು ಬಾವಿಯ ಮಾತು: ರೈತ ತನ್ನ ಖರ್ಚಿನಲ್ಲಿ ಬಾವಿ ತೋಡಿದರೆ ಆ 30 ವರ್ಷದೊಳಗೆ ಆಕಾರ ಏರದು. ದುಡಿಮೆಯ ಮೇಲೆ ದಂಡ ಹಾಕಬಾರದೆಂಬುದು ಇಷ್ಟು ಸರಳವಾಗಿ ಸರಕಾರಿ ಕಾಗದದಲ್ಲಿ ಬಂದದ್ದು ಅಪರೂಪ.

ಧಾರವಾಡ ಜಿಲ್ಲೆಯಲ್ಲಿ ಸಾಗುವಳಿ ಹಿಗ್ಗಿತು. ಎಲ್ಲವೂ ವಿಂಗೇಟನ ಪುಣ್ಯವಲ್ಲ. ಅದೇ ದಶಕದಲ್ಲಿ ಸರಕಾರ ಹಣ ಸುರಿದು ನ್ಯೂ ಓರ್ಲಿಯನ್ಸ್ ಹತ್ತಿಯ ಬೀಜ ತರಿಸಿ, ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ತೋಟ ಹಾಕಿ ಪ್ರಯೋಗ ನಡೆಸಿತ್ತು. ಆ ಹತ್ತಿ ಗದಗ-ಡಂಬಳದ ಎರೆಗೆ ಒಗ್ಗಿ 'ಧಾರವಾಡ-ಅಮೆರಿಕನ್' ಎಂದು ಹೆಸರು ಪಡೆಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಧಾರಣೆ ಗಗನಕ್ಕೇರಿತು. ತೆರಿಗೆ ಇಳಿದದ್ದು, ಸರಕಾರ ಖರ್ಚು ಮಾಡಿದ್ದು, ದೂರದ ಯುದ್ಧ ಮೂರೂ ಕೂಡಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಇವತ್ತಿನ ಅರ್ಥಶಾಸ್ತ್ರಿಗೂ ಕಷ್ಟ.

ವಿಂಗೇಟನ ಎರಡನೆಯ ಲೆಕ್ಕ ಹೊಲದಲ್ಲಿ ಹುಟ್ಟಿದ್ದಲ್ಲ. 1857ರ ದಂಗೆ ಅಡಗಿಸಿದ ಖರ್ಚನ್ನೂ ಭಾರತದ ತಲೆಗೇ ಕಟ್ಟಿದಾಗ ಅವನು 1859ರಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಅದರ ವಾದ ಇಷ್ಟು: ಎತ್ತಿದ ತೆರಿಗೆಯನ್ನು ಅದೇ ನಾಡಿನಲ್ಲಿ ಖರ್ಚು ಮಾಡಿದರೆ ಒಬ್ಬನ ಕೈಯಿಂದ ಹೋದ ದುಡ್ಡು ಇನ್ನೊಬ್ಬನ ಕೈಗೆ ಬರುತ್ತದೆ, ಮಾರುಕಟ್ಟೆಯಲ್ಲಿ ತಿರುಗುತ್ತದೆ. ಒಂದು ನಾಡಿನಲ್ಲಿ ಎತ್ತಿ ಇನ್ನೊಂದರಲ್ಲಿ ಖರ್ಚು ಮಾಡಿದರೆ ಅದು ತೆರಿಗೆಯಲ್ಲ, ಕಪ್ಪ, ಹೋದದ್ದು ಹೋಯಿತು. ಆಣೆ ಆಣೆ ಅಳೆದು ದರ ಇಳಿಸಿದವನಿಗೆ, ದರ ಎಷ್ಟೆಂಬುದು ಅರ್ಧ ಪ್ರಶ್ನೆ ಮಾತ್ರ ಎಂದು ಹೊಳೆದಿತ್ತು. ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತ ಇಬ್ಬರೂ ಸಂಪತ್ತಿನ ಸೋರಿಕೆಯ ವಾದಕ್ಕೆ ಈ ಸಾಹೇಬನನ್ನೇ ಸಾಕ್ಷಿಗೆ ಕರೆದರು.

ಬೊಂಬಾಯಿ ಸರಕಾರ ಮೊದಲ ಲೆಕ್ಕವನ್ನೂ ಬೇಗ ಮರೆಯಿತು. 30 ವರ್ಷ ಮುಗಿದಂತೆ ಹತ್ತಿಯ ಧಾರಣೆ ತೋರಿಸಿ ಆಕಾರ ಏರಿಸಹತ್ತಿತು. ಏರಿಕೆ ಎಷ್ಟಿತ್ತೆಂದರೆ 1874ರಲ್ಲಿ ತಾಲ್ಲೂಕಿಗೆ ನೂರಕ್ಕೆ 33, ಊರಿಗೆ 66, ಹಿಡುವಳಿಗೆ 100 ದಾಟಬಾರದೆಂದು ತಾನೇ ಕಟ್ಟು ಹಾಕಬೇಕಾಯಿತು. ಹೊಲ ಮಾರಲು, ಒತ್ತೆ ಇಡಲು ಬರುತ್ತಿದ್ದುದರಿಂದ ಸಾಹುಕಾರನಿಗೂ ಸುಗ್ಗಿಯಾಗಿತ್ತು. ಆ ಸಾಲದ ಹಗ್ಗ ಸಡಿಲಿಸಲೆಂದೇ 1905ರಲ್ಲಿ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು. ಎರಡನೆಯ ಲೆಕ್ಕದ ಗತಿಯೂ ಅದೇ. 1876-78ರ ಬರ ಕಳೆದ ಮೇಲೆ ಗದಗಕ್ಕೆ ಹೊಟಗಿಯ ಕಡೆಯಿಂದ 1884ರಲ್ಲಿ ರೈಲು ಬಂತು. ಹತ್ತಿಗೆ ದಾರಿಯಾಯಿತು ನಿಜ, ಆದರೆ ಆ ರೈಲಿನ ಬಂಡವಾಳ ಎತ್ತಿದ್ದು ಲಂಡನ್ನಿನಲ್ಲಿ, ಬಡ್ಡಿ ಹೋದದ್ದೂ ಅಲ್ಲಿಗೆ.

2002ರಲ್ಲಿ, ಪ್ರಾದೇಶಿಕ ಅಸಮಾನತೆ ಅಳೆಯಲು ರಾಜ್ಯ ಸರಕಾರ ನೇಮಿಸಿದ ಸಮಿತಿಯ ಅಧ್ಯಕ್ಷ ಡಾ. ಡಿ.ಎಂ. ನಂಜುಂಡಪ್ಪನವರು ಈ ಮೋಜಣಿಯನ್ನು ತಿರುವಿಹಾಕಿದರು ಎನ್ನಬಹುದು. ವಿಂಗೇಟ್ ಅಳೆದದ್ದು ಎಷ್ಟು ತೆಗೆಯಬೇಕೆಂದು. ಇವರು 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದದ್ದು ಎಷ್ಟು ಕೊಡಬೇಕೆಂದು. ಹಿಂದುಳಿದ 114ರಲ್ಲಿ ಶಿರಹಟ್ಟಿ, ಮುಂಡರಗಿ ಎರಡೂ ಇದ್ದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಎಂದರು. ಘೋಷಿಸಿದ್ದಕ್ಕೂ ಬಿಡುಗಡೆಯಾದದ್ದಕ್ಕೂ ಖರ್ಚಾದದ್ದಕ್ಕೂ ತಾಳೆಯಾಗಲಿಲ್ಲ.

ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದಲ್ಲಿ ಶೇ. 4.713ರಿಂದ 3.647ಕ್ಕೆ ಇಳಿಯಿತು. ನಮ್ಮ ತೆರಿಗೆ ನಮಗೆ ಕೊಡಿ ಎಂದು 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಮಂತ್ರಿಗಳು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕುಳಿತರು. ಇದನ್ನು ಕಪ್ಪ ಎನ್ನಲು ವಿಂಗೇಟನ ವಾದ ಒಪ್ಪದು, ಖರ್ಚಾಗುವುದು ಒಂದೇ ದೇಶದೊಳಗೆ. ಆದರೆ ದಿಲ್ಲಿಯ ಮುಂದೆ ತನ್ನ ಪಾಲು ಕೇಳುವ ಬೆಂಗಳೂರು, ತನ್ನ ಬಾಗಿಲಿಗೆ ಶಿರಹಟ್ಟಿ, ಮುಂಡರಗಿಯವರು ಬಂದರೆ ಮಾತ್ರ ಬೇರೆ ಲೆಕ್ಕ ತೆಗೆಯುತ್ತದೆ.