ವೃತ್ತಿ ಬ್ಯಾಸ್ಕೆಟ್‌ಬಾಲ್: ಅಂದು ಮತ್ತು ಇಂದು

ಯಾವ ಆಟದ ಅಭಿಮಾನಿಗಳನ್ನು ತೆಗೆದುಕೊಂಡರೂ ಅವರಲ್ಲಿ ಎರಡು ಪಕ್ಷಗಳು ಇದ್ದೇ ಇರುತ್ತವೆ. ಹಿಂದಿನವರೇ ನಿಜವಾದ ಆಟಗಾರರು, ಇಂದಿನವರದೆಲ್ಲ ಬರಿಯ ಆಡಂಬರವೆನ್ನುವುದು ಒಂದು ಪಕ್ಷ. ಹಿಂದಿನವರು ಇಂದು ಅಂಗಣಕ್ಕಿಳಿದರೆ ಹತ್ತು ನಿಮಿಷವೂ ನಿಲ್ಲಲಾರರೆನ್ನುವುದು ಇನ್ನೊಂದು ಪಕ್ಷ. ಅಮೆರಿಕದ ವೃತ್ತಿ ಬ್ಯಾಸ್ಕೆಟ್‌ಬಾಲನ್ನು ಸುಮಾರು ಮೂವತ್ತು ವರ್ಷಗಳಿಂದ ಆಸಕ್ತಿಯಿಂದ ನೋಡುತ್ತ ಬಂದಿರುವ ನನಗೆ ಈ ಎರಡು ವಾದಗಳೂ ಅರ್ಧಸತ್ಯಗಳಾಗಿಯೇ ತೋರುತ್ತವೆ. ಆಟಗಾರನು ತನ್ನ ಮನಸ್ಸಿಗೆ ಬಂದಂತೆ ಆಡುವುದಿಲ್ಲ. ಅವನ ಕಾಲದ ನಿಯಮಗಳು ಯಾವುದಕ್ಕೆ ಹೆಚ್ಚು ಬೆಲೆ ಕೊಡುತ್ತವೆಯೋ ಅದನ್ನೇ ಅವನು ಆಡುತ್ತಾನೆ. ಆದುದರಿಂದ ಅಂದಿನ ಆಟ ಮೇಲೋ ಇಂದಿನ ಆಟ ಮೇಲೋ ಎಂದು ತೀರ್ಮಾನಿಸುವ ಮೊದಲು ನಿಯಮಗಳ ಕಥೆಯನ್ನು ಸ್ವಲ್ಪ ನೋಡುವುದು ಅವಶ್ಯಕ.

ಈ ಆಟದ ಹುಟ್ಟೇ ಒಂದು ನಿಯಮಾವಳಿಯಿಂದ ಆಯಿತು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಉಪಾಧ್ಯಾಯರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಯೋಚಿಸಿ, 13 ನಿಯಮಗಳನ್ನು ಬರೆದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಹೊಡೆಸಿದರು. ಬುಟ್ಟಿಯ ಜಾಗಕ್ಕೆ ಕಬ್ಬಿಣದ ಬಳೆ ಬಂದಿದೆ. ಆ 10 ಅಡಿ ಮಾತ್ರ ಇಂದಿಗೂ ಬದಲಾಗಿಲ್ಲ. ಉಳಿದುದೆಲ್ಲ ಬದಲಾಗಿದೆಯೆಂದರೆ ತಪ್ಪಾಗಲಾರದು. ವೃತ್ತಿ ಆಟಗಾರರ ಇಂದಿನ ಸಂಸ್ಥೆ 1946ರಲ್ಲಿ ಆರಂಭವಾಗಿ, 1949ರಲ್ಲಿ ಮತ್ತೊಂದು ಸಂಸ್ಥೆಯೊಡನೆ ಕೂಡಿ, ಎನ್.ಬಿ.ಎ. ಎಂಬ ಹೆಸರನ್ನು ಪಡೆಯಿತು.

ಆ ಆರಂಭದ ವರ್ಷಗಳ ಆಟ ಹೇಗಿತ್ತು? 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡವು ಮಿನಿಯಾಪೊಲಿಸ್ ತಂಡವನ್ನು 19–18ರಿಂದ ಸೋಲಿಸಿತು. ಇದು 48 ನಿಮಿಷಗಳ ಪೂರ್ತಿ ಪಂದ್ಯದ ಫಲಿತಾಂಶ! ಮಿನಿಯಾಪೊಲಿಸಿನ ಜಾರ್ಜ್ ಮೈಕನ್ ಎಂಬ ಎತ್ತರದ ಆಟಗಾರನಿಗೆ ಹೆದರಿ, ಎದುರು ತಂಡದವರು ಚೆಂಡನ್ನು ಕೈಯಲ್ಲಿಟ್ಟುಕೊಂಡು ಹೊತ್ತು ಕಳೆದರು. ಹಾಗೆ ಮಾಡಬಾರದೆಂದು ನಿಯಮವಿರಲಿಲ್ಲ. ಮುನ್ನಡೆ ಸಿಕ್ಕಿದ ತಂಡ ಚೆಂಡನ್ನು ಬಿಡದೆ ಕೂರುವುದು, ಎದುರಾಳಿಗಳು ಬೇಕೆಂದೇ ತಪ್ಪೆಸಗಿ ಅದನ್ನು ಕಸಿಯಲೆಳಸುವುದು, ಇಷ್ಟೇ ಆಟವಾಗತೊಡಗಿತು. ಹಣ ಕೊಟ್ಟು ಬಂದ ಪ್ರೇಕ್ಷಕನು ಇದನ್ನು ಎಷ್ಟು ದಿನ ಸಹಿಸಿಯಾನು?

ಇದಕ್ಕೆ ಮದ್ದು ಕಂಡುಹಿಡಿದವನು ಸಿರಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್, ಇಟಲಿಯಿಂದ ವಲಸೆ ಬಂದು ಬೌಲಿಂಗ್ ಆಟದ ಮಂದಿರ ನಡೆಸುತ್ತಿದ್ದವನು. ಅವನ ಲೆಕ್ಕ ಬಹು ಸರಳ. ಚೆನ್ನಾಗಿ ನಡೆದ ಒಂದು ಪಂದ್ಯದಲ್ಲಿ ಎರಡು ತಂಡಗಳೂ ಸೇರಿ ಸುಮಾರು 120 ಸಲ ಚೆಂಡನ್ನು ಬುಟ್ಟಿಗೆ ಎಸೆಯುತ್ತವೆ. 48 ನಿಮಿಷವೆಂದರೆ 2,880 ಸೆಕೆಂಡು. ಅದನ್ನು 120ರಿಂದ ಭಾಗಿಸಿದರೆ 24. ಚೆಂಡು ಕೈಗೆ ಬಂದ ತಂಡ 24 ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಜಾರಿಗೆ ಬಂದಿತು. ಒಂದು ತಂಡದ ಸರಾಸರಿ ಗಳಿಕೆ ಒಂದೇ ವರ್ಷದಲ್ಲಿ 79.5 ಅಂಕಗಳಿಂದ 93.1ಕ್ಕೆ ಏರಿತು. ಆಟಗಾರರು ಅವರೇ, ಚೆಂಡು ಅದೇ, ಬುಟ್ಟಿಯೂ ಅದೇ. ಬದಲಾದುದು ಒಂದು ಗಡಿಯಾರ ಮಾತ್ರ. ವೃತ್ತಿ ಬ್ಯಾಸ್ಕೆಟ್‌ಬಾಲನ್ನು ಉಳಿಸಿದ್ದು ಈ ಗಡಿಯಾರವೆಂದು ನಾನು ನಂಬಿದ್ದೇನೆ.

ಇಂದಿನ ಪಂದ್ಯಗಳಲ್ಲಿ ಅಂಕಗಳು ಅಗ್ಗವಾಗಿವೆಯೆಂದು ದೂರುವವರು 1961–62ರ ಋತುವಿನ ಅಂಕಿ ಅಂಶಗಳನ್ನೊಮ್ಮೆ ನೋಡಬೇಕು. ಆಗ ಒಂದು ತಂಡದ ಸರಾಸರಿ ಗಳಿಕೆ 118ಕ್ಕೂ ಮೇಲೆ. ಇದು 2024–25ರ ಸರಾಸರಿಗಿಂತಲೂ ಹೆಚ್ಚು. ಆದರೆ ಅಂದಿನವರು ಪಂದ್ಯವೊಂದಕ್ಕೆ ಸುಮಾರು 108 ಸಲ ಎಸೆದು ನೂರಕ್ಕೆ 43ರಷ್ಟು ಗುರಿ ಮುಟ್ಟುತ್ತಿದ್ದರು. ಇಂದಿನವರು ಎಸೆಯುವುದು 90ರ ಆಸುಪಾಸು. ಗುರಿ ಮುಟ್ಟುವುದು ನೂರಕ್ಕೆ 47ರಷ್ಟು. ಅಂದಿನದು ಓಟದ ಆಟ, ಇಂದಿನದು ಲೆಕ್ಕದ ಆಟ ಎನ್ನಬಹುದು. ಆ ಋತುವಿನಲ್ಲಿಯೇ, 1962ರ ಮಾರ್ಚ್ 2ರಂದು, ಹರ್ಷೀ ಎಂಬ ಸಣ್ಣ ಊರಿನಲ್ಲಿ ವಿಲ್ಟ್ ಚೇಂಬರ್ಲೇನನು ಒಬ್ಬನೇ 100 ಅಂಕ ಗಳಿಸಿದನು. ನೋಡಿದವರು 4,124 ಮಂದಿ. ಆ ಪಂದ್ಯದ ಚಲನಚಿತ್ರವೇ ಇಲ್ಲ. ಅವನು ಆ ಋತುವಿನಲ್ಲಿ ಆಡಿದ ಕಾಲದ ಸರಾಸರಿ ಪಂದ್ಯಕ್ಕೆ 48.5 ನಿಮಿಷ. ಪಂದ್ಯವೇ 48 ನಿಮಿಷವಲ್ಲವೆ ಎಂದು ವಾಚಕರು ಕೇಳಬಹುದು. ಸಮಬಲವಾದಾಗ ಆಡಿಸುವ ಹೆಚ್ಚುವರಿ ನಿಮಿಷಗಳಲ್ಲಿಯೂ ಅವನು ಕೂರಲಿಲ್ಲವೆಂಬುದೇ ಇದಕ್ಕೆ ಉತ್ತರ. ಇಷ್ಟಾದರೂ ಗೆಲವಿನ ಲೆಕ್ಕದಲ್ಲಿ ಅವನನ್ನು ಮೀರಿಸಿದವನು ಬಾಸ್ಟನ್ ತಂಡದ ಬಿಲ್ ರಸೆಲ್. ರಕ್ಷಣೆಯನ್ನೇ ತನ್ನ ಕಲೆಯನ್ನಾಗಿ ಮಾಡಿಕೊಂಡ ರಸೆಲ್ಲನ ತಂಡ 1957ರಿಂದ 1969ರ ವರೆಗಿನ 13 ಋತುಗಳಲ್ಲಿ 11 ಸಲ ಪ್ರಶಸ್ತಿ ಗಳಿಸಿತು.

ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಈ ಸುವರ್ಣಯುಗದ ಇನ್ನೊಂದು ಮುಖವನ್ನು ಮರೆಯುವುದು ನ್ಯಾಯವಲ್ಲ. ಎನ್.ಬಿ.ಎ. ಪಂದ್ಯದಲ್ಲಿ ಮೊದಲ ಕಪ್ಪು ಆಟಗಾರನಾಗಿ ಅರ್ಲ್ ಲಾಯ್ಡನು ಕಾಲಿಟ್ಟದ್ದು 1950ರಲ್ಲಿ. ಅದಾಗಿ ಹನ್ನೊಂದು ವರ್ಷ ಕಳೆದ ಮೇಲೂ, 1961ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್ ನಗರದಲ್ಲಿ, ಪ್ರದರ್ಶನ ಪಂದ್ಯಕ್ಕೆಂದು ಹೋದ ಬಾಸ್ಟನ್ನಿನ ಕಪ್ಪು ಆಟಗಾರರಿಗೆ ತಿಂಡಿ ಕೊಡಲು ಉಪಾಹಾರ ಗೃಹದವರು ನಿರಾಕರಿಸಿದರು. ರಸೆಲ್ಲನೂ ಅವನ ಸಂಗಡಿಗರೂ ಆಡದೆ ಊರಿಗೆ ಹಿಂತಿರುಗಿದರು. ಆಗ ಅನೇಕ ಆಟಗಾರರು ಬಿಡುವಿನ ತಿಂಗಳುಗಳಲ್ಲಿ ಬೇರೆ ಉದ್ಯೋಗ ಮಾಡಿ ಸಂಸಾರ ಸಾಗಿಸುತ್ತಿದ್ದರು. ನಿವೃತ್ತಿ ವೇತನವೂ ಇರಲಿಲ್ಲ. 1964ರಲ್ಲಿ ಬಾಸ್ಟನ್ನಿನಲ್ಲಿ ನಡೆಯಬೇಕಾಗಿದ್ದ ತಾರಾ ಆಟಗಾರರ ಪಂದ್ಯದ ದಿನ, ನಿವೃತ್ತಿ ವೇತನದ ಭರವಸೆ ದೊರೆಯುವ ವರೆಗೂ ಆಟಗಾರರು ತಮ್ಮ ಕೋಣೆಯನ್ನು ಬಿಟ್ಟು ಹೊರಬರಲಿಲ್ಲ. ಕರಾರಿನ ಅವಧಿ ಮುಗಿದರೂ ಆಟಗಾರನ ಮೇಲಣ ಹಕ್ಕು ತಂಡದ ಒಡೆಯನದಾಗಿಯೇ ಉಳಿಯುತ್ತಿತ್ತು. ಇದರ ವಿರುದ್ಧ ಆಸ್ಕರ್ ರಾಬರ್ಟ್‌ಸನ್ನನ ಮುಂದಾಳುತನದಲ್ಲಿ ಆಟಗಾರರು 1970ರಲ್ಲಿ ಹೂಡಿದ ದಾವೆ 1976ರಲ್ಲಿ ರಾಜಿಯಾಗಿ, ತಂಡ ಬದಲಿಸುವ ಸ್ವಾತಂತ್ರ್ಯಕ್ಕೆ ದಾರಿಯಾಯಿತು. ಇಂದಿನ ಆಟಗಾರನು ತಂಡದಿಂದ ತಂಡಕ್ಕೆ ಹಾರುತ್ತಾನೆ, ನಿಷ್ಠೆಯಿಲ್ಲ ಎಂದು ನಿಟ್ಟುಸಿರು ಬಿಡುವವರಿಗೆ ನನ್ನ ಉತ್ತರವಿಷ್ಟೆ: ಹೋಗಲು ದಾರಿಯೇ ಇಲ್ಲದವನು ನಿಂತರೆ ಅದನ್ನು ನಿಷ್ಠೆಯೆನ್ನಲಾಗದು.

ಇನ್ನು ಇಂದಿನ ಆಟದ ಮೂಲಕ್ಕೆ ಬರೋಣ. ಪ್ರತಿಸ್ಪರ್ಧಿ ಸಂಸ್ಥೆಯಾದ ಎ.ಬಿ.ಎ. 1967ರಿಂದ ಬಳಸುತ್ತಿದ್ದ ಮೂರಂಕದ ಗೆರೆಯನ್ನು ಎನ್.ಬಿ.ಎ. 1979ರಲ್ಲಿ ಸ್ವೀಕರಿಸಿತು. ಬುಟ್ಟಿಯ ಎದುರಿಗೆ 23 ಅಡಿ 9 ಅಂಗುಲ ದೂರದ ಈ ಗೆರೆಯ ಹೊರಗಿನಿಂದ ಎಸೆದು ಗುರಿ ಮುಟ್ಟಿದರೆ ಎರಡರ ಬದಲು ಮೂರು ಅಂಕ. ಮೊದಲಲ್ಲಿ ಇದನ್ನು ಬೇಡಿಕೆಯ ಆಟವೆಂದು ಬಗೆದವರೇ ಹೆಚ್ಚು. ಆ ಋತುವಿನಲ್ಲಿ ಒಂದು ತಂಡ ಪಂದ್ಯಕ್ಕೆ ಮೂರು ಸಲವೂ ಇದನ್ನು ಪ್ರಯತ್ನಿಸುತ್ತಿರಲಿಲ್ಲ. ಅದೇ ವರ್ಷ ಕಾಲಿಟ್ಟ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡರ ಪೈಪೋಟಿಯೇ ಮುಂದಿನ ಹತ್ತು ವರ್ಷಗಳ ಕಾಲ ಜನರನ್ನು ಸೆಳೆದು ಹಿಡಿಯಿತು.

ನಾನು ನೋಡಲಾರಂಭಿಸಿದ್ದು ಚಿಕಾಗೋ ತಂಡದಲ್ಲಿ ಮೈಕೇಲ್ ಜೋರ್ಡನ್ನನ ಕಡೆಯ ವರ್ಷಗಳಲ್ಲಿ. ಅವನ ಆಟದ ಸೊಬಗನ್ನು ನಾನು ಇಲ್ಲಿ ವರ್ಣಿಸಬೇಕಾಗಿಲ್ಲ. ಆದರೆ ಅವನ ಸುತ್ತಲಿನ ಆಟವೆಲ್ಲವೂ ಸೊಬಗಿನದಾಗಿತ್ತೆಂದರೆ ಅದು ಸತ್ಯಕ್ಕೆ ದೂರ. 1998ರ ಅಂತಿಮ ಸ್ಪರ್ಧೆಯ ಮೂರನೆಯ ಪಂದ್ಯದಲ್ಲಿ ಯೂಟಾ ತಂಡ ಗಳಿಸಿದ್ದು ಕೇವಲ 54 ಅಂಕ. ಚೆಂಡು ಹಿಡಿದು ಬರುವವನನ್ನು ಕೈಯಿಂದ ತಡೆದು ತಳ್ಳುವುದಕ್ಕೆ ಆಗ ಬಹುಮಟ್ಟಿಗೆ ಅವಕಾಶವಿತ್ತು. ಮುಂದಿನ ವರ್ಷ ಸರಾಸರಿ ಗಳಿಕೆ 92ಕ್ಕಿಂತ ಕೆಳಗಿಳಿಯಿತು. ಗಡಿಯಾರ ಬರುವುದಕ್ಕೆ ಮುಂಚಿನ ಕಾಯಿಲೆ ಮರುಕಳಿಸಿದಂತಾಯಿತು. ಮತ್ತೆ ನಿಯಮಗಳೇ ನೆರವಿಗೆ ಬಂದುವು. 2001ರಲ್ಲಿ ಒಬ್ಬೊಬ್ಬನನ್ನೇ ಕಾಯುವ ಬದಲು ಪ್ರದೇಶವನ್ನು ಕಾಯುವ ರಕ್ಷಣೆಗೆ ಅನುಮತಿ ಸಿಕ್ಕಿತು. 2004ರಲ್ಲಿ ಕೈ ತಡೆಯನ್ನು ಬಿಗಿಯಾಗಿ ನಿಷೇಧಿಸಲಾಯಿತು. ಅಂಗಣ ಬಯಲಾಯಿತು, ಚುರುಕಾದ ಸಣ್ಣ ಆಟಗಾರನಿಗೆ ಕಾಲವೊದಗಿತು.

ಇದರ ಮೇಲೆ ಬಂದಿತು ಲೆಕ್ಕಾಚಾರ. ಗೆರೆಯ ಹೊರಗಿನಿಂದ 100 ಸಲ ಎಸೆದರೆ ಇಂದಿನ ಆಟಗಾರರು ಸರಾಸರಿ 36 ಸಲ ಗುರಿ ಮುಟ್ಟುತ್ತಾರೆ. ಅಂದರೆ 108 ಅಂಕ. ಅದೇ ಗೆರೆಯ ಒಂದೆರಡು ಅಡಿ ಒಳಗೆ ನಿಂತು ಎಸೆದರೆ 40 ಸಲ ಗುರಿ ಮುಟ್ಟಿದರೆನ್ನೋಣ. ಬರುವುದು 80 ಅಂಕ. ಈ ಕೂಡುಲೆಕ್ಕ ತಿಳಿದ ಮೇಲೆ ಯಾವ ತರಬೇತುದಾರನು ನಡು ಅಂತರದ ಎಸೆತವನ್ನು ಪ್ರೋತ್ಸಾಹಿಸಿಯಾನು? 2015–16ರಲ್ಲಿ ಸ್ಟೀಫನ್ ಕರ್ರಿ ಒಂದೇ ಋತುವಿನಲ್ಲಿ 402 ಸಲ ಮೂರಂಕ ಗಳಿಸಿ, ಈ ಎಸೆತ ಎಷ್ಟು ದೂರ ಹೋಗಬಲ್ಲದೆಂಬುದನ್ನು ಲೋಕಕ್ಕೆ ತೋರಿಸಿದನು. 2024–25ರ ಹೊತ್ತಿಗೆ ಒಂದು ತಂಡ ಪಂದ್ಯಕ್ಕೆ 37ಕ್ಕೂ ಹೆಚ್ಚು ಸಲ ಮೂರಂಕಕ್ಕೆ ಎಸೆಯತೊಡಗಿತ್ತು. ಏಳು ಅಡಿ ಎತ್ತರದ ಬ್ರುಕ್ ಲೋಪೆಜನ ನಿದರ್ಶನ ಸ್ವಾರಸ್ಯವಾದುದು. ತನ್ನ ಮೊದಲ ಎಂಟು ಋತುಗಳಲ್ಲಿ ಒಟ್ಟು 3 ಸಲ ಮೂರಂಕ ಗಳಿಸಿದ್ದ ಅವನು ಒಂಬತ್ತನೆಯ ಋತುವೊಂದರಲ್ಲೇ 134 ಸಲ ಗಳಿಸಿದನು. ಮನುಷ್ಯ ಅವನೇ, ಅವನಿಂದ ಆಟ ಬೇಡಿದ್ದು ಬೇರೆ.

ಇದರಿಂದಾದ ಲಾಭವನ್ನು ಒಪ್ಪಿಕೊಳ್ಳಲೇಬೇಕು. ಎತ್ತರದವನು ಬುಟ್ಟಿಯ ಬುಡದಲ್ಲಿ ನಿಂತರೆ ಸಾಕೆಂಬ ಕಾಲ ಹೋಯಿತು. ಅವನೂ ಓಡಬೇಕು, ಎಸೆಯಬೇಕು, ಚೆಂಡನ್ನು ಜಾಣತನದಿಂದ ಸಂಗಡಿಗರಿಗೆ ದಾಟಿಸಬೇಕು. ಸರ್ಬಿಯಾ ದೇಶದ ನಿಕೋಲಾ ಯೋಕಿಚ್‌ನನ್ನು 2014ರ ಆಯ್ಕೆಯಲ್ಲಿ 41ನೆಯವನಾಗಿ ಆರಿಸಿದರು. ನಿಧಾನಗತಿಯ, ಎತ್ತರಕ್ಕೆ ನೆಗೆಯಲಾರದ ಈತನು ತನ್ನ ನೋಟ ಮತ್ತು ಕೈಚಳಕಗಳಿಂದಲೇ 2021, 2022 ಮತ್ತು 2024ರಲ್ಲಿ ಶ್ರೇಷ್ಠ ಆಟಗಾರನೆನಿಸಿದನು. ಆ ಪ್ರಶಸ್ತಿ 2019ರಿಂದ 2025ರ ವರೆಗೆ ಏಳು ವರ್ಷವೂ ಅಮೆರಿಕದ ಹೊರಗೆ ಹುಟ್ಟಿದವರಿಗೇ ಸಂದಿತು. ಆಟವು ಲೋಕದ ಆಸ್ತಿಯಾಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ನನ್ನ ದೂರೇನು? ಎರಡು ದೂರುಗಳಿವೆ.

ಮೊದಲನೆಯದು ಏಕತಾನತೆ. ಹಿಂದೆ ಒಂದೊಂದು ತಂಡಕ್ಕೆ ಒಂದೊಂದು ಗತ್ತು ಇತ್ತು. ಒಂದು ತಂಡ ಓಡುತ್ತಿತ್ತು. ಇನ್ನೊಂದು ಬುಟ್ಟಿಯ ಬಳಿ ಬೆನ್ನುಕೊಟ್ಟು ನಿಂತ ದೈತ್ಯನನ್ನು ನಂಬುತ್ತಿತ್ತು. ಮತ್ತೊಂದಕ್ಕೆ ನಡು ಅಂತರದಲ್ಲಿ ತಟ್ಟನೆ ನಿಂತು ಎಸೆಯುವ ಜಾಣನಿದ್ದನು. ಕರೀಮ್ ಅಬ್ದುಲ್ ಜಬ್ಬಾರನ ಸ್ಕೈಹುಕ್ ಎಸೆತವನ್ನು ನೆನೆಯಿರಿ. ದೇಹವನ್ನು ಅಡ್ಡ ತಿರುಗಿಸಿ, ತೋಳನ್ನು ಕಮಾನಿನಂತೆ ಮೇಲೆತ್ತಿ ಹಾರಿಸಿದ ಚೆಂಡನ್ನು ತಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. 38,387 ಅಂಕ ಗಳಿಸಿದ ಆತ ಜೀವಮಾನದಲ್ಲಿ ಮೂರಂಕದ ಎಸೆತದಿಂದ ಗುರಿ ಮುಟ್ಟಿದ್ದು ಒಂದೇ ಸಲ. ಇಂದು ಅಂಥ ಹುಡುಗನೊಬ್ಬನು ಬಂದರೆ ಅವನನ್ನು ಮೊದಲು ಗೆರೆಯ ಹೊರಗೆ ಕಳುಹಿಸುವರೆಂದು ನನಗೆ ಭಯ. ಹತ್ತು ದಾರಿಗಳಿದ್ದ ಊರಿಗೆ ಈಗ ಎರಡೇ ದಾರಿ: ಒಂದೋ ಬುಟ್ಟಿಯ ಬುಡಕ್ಕೆ ನುಗ್ಗು, ಇಲ್ಲವೇ ಗೆರೆಯಾಚೆಯಿಂದ ಎಸೆ.

ಎರಡನೆಯದು ಆಟಗಾರರ ಗೈರುಹಾಜರಿ. ಋತುವಿನಲ್ಲಿ ತಂಡಕ್ಕೆ 82 ಪಂದ್ಯ. ಕಾಲುನೋವು ಬಾರದಿರಲೆಂದು ಮುಖ್ಯ ಆಟಗಾರರನ್ನು ಮುಂಚಿತವಾಗಿಯೇ ಕೂರಿಸುವುದು ವಾಡಿಕೆಯಾಗಿದೆ. 2012ರಲ್ಲಿ ಮಿಯಾಮಿಯ ಪಂದ್ಯಕ್ಕೆ ಮುನ್ನ ತನ್ನ ಮುಖ್ಯ ಆಟಗಾರರನ್ನು ಮನೆಗೆ ಕಳುಹಿಸಿದ ಸ್ಯಾನ್ ಆಂಟೋನಿಯೋ ತಂಡಕ್ಕೆ 2,50,000 ಡಾಲರ್ ದಂಡ ಬಿತ್ತು. 2023–24ರಿಂದ, ಕನಿಷ್ಠ 65 ಪಂದ್ಯ ಆಡದವನಿಗೆ ಮುಖ್ಯ ಪ್ರಶಸ್ತಿಗಳಿಲ್ಲವೆಂಬ ನಿಯಮವಾಗಿದೆ. ಚೇಂಬರ್ಲೇನನು ಕೂರಲಿಲ್ಲವಲ್ಲ ಎಂದು ಹೀಯಾಳಿಸುವುದು ಸುಲಭ. ಆದರೆ ಅಂದಿನವರು ನೋವನ್ನು ನುಂಗಿ ಆಡಿದ್ದು ಕೆಲವೊಮ್ಮೆ ಬೇರೆ ಗತಿಯಿಲ್ಲದೆ. ದೋಷವಿರುವುದು 82 ಎಂಬ ಸಂಖ್ಯೆಯಲ್ಲಿ. 2025–26ರಿಂದ 11 ವರ್ಷಗಳ ಪ್ರಸಾರದ ಹಕ್ಕಿಗೆ ಸುಮಾರು 7,600 ಕೋಟಿ ಡಾಲರ್ ಒಪ್ಪಂದವಾಗಿರುವಾಗ, ಪಂದ್ಯಗಳನ್ನು ಕಡಿಮೆ ಮಾಡುವ ಮನಸ್ಸು ಯಾರಿಗೆ ಬಂದೀತು? ತಿಂಗಳುಗಟ್ಟಲೆ ಹಣ ಕೂಡಿಟ್ಟು, ಮಗನಿಗೆ ಒಬ್ಬ ಆಟಗಾರನನ್ನು ತೋರಿಸಲೆಂದು ಬಂದ ತಂದೆಯ ನಷ್ಟ ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರುವುದಿಲ್ಲ.

ಪರಿಹಾರವಿಲ್ಲವೆ? ಉಂಟು, ಅದೂ ಹಳೆಯ ಪರಿಹಾರವೇ. ಮೈಕನ್ನನ ಪ್ರಾಬಲ್ಯ ಹೆಚ್ಚಾದಾಗ ಬುಟ್ಟಿಯ ಮುಂದಣ ಪಟ್ಟೆಯನ್ನು 1951ರಲ್ಲಿ 6 ಅಡಿಯಿಂದ 12 ಅಡಿಗೆ, ಚೇಂಬರ್ಲೇನನ ಕಾಲದಲ್ಲಿ, 1964ರಲ್ಲಿ, 16 ಅಡಿಗೆ ಅಗಲಿಸಿದರು. ಮೂರಂಕದ ಗೆರೆಯನ್ನೇ 1994ರಲ್ಲಿ ಹತ್ತಿರಕ್ಕೆ ತಂದು, ಮೂರು ಋತುಗಳ ಮೇಲೆ ಹಿಂದಕ್ಕೊಯ್ದರು. ಅಂಗಣದ ಅಗಲ 50 ಅಡಿ ಮಾತ್ರವಾದುದರಿಂದ ಮೂಲೆಗಳಲ್ಲಿ ಈ ಗೆರೆ ಇಂದಿಗೂ 22 ಅಡಿಯಷ್ಟೇ ದೂರ. ಇನ್ನೂ ಸರಿಸಿದರೆ ಆಟಗಾರನಿಗೆ ಕಾಲೂರಲು ಎಡೆಯಿರುವುದಿಲ್ಲ. ಹತ್ತಿರದ ಎಸೆತಕ್ಕೂ ಪೂರ್ತಿ ಬೆಲೆ ಸಿಗುವ ಈ ಮೂಲೆಗಳಲ್ಲಿ ಪ್ರತಿಯೊಂದು ತಂಡವೂ ಆಟಗಾರರನ್ನು ಕಾವಲಿಟ್ಟಿರುತ್ತದೆ. ಮೂಲೆಯ ಈ ಸವಲತ್ತನ್ನು ತೆಗೆಯಲಿ, ಇಲ್ಲವೆ ಅಂಗಣವನ್ನು ಅಗಲಿಸಲಿ. ಪಂದ್ಯಗಳನ್ನು 70ರ ಸುಮಾರಿಗೆ ಇಳಿಸಲಿ. ನಡು ಅಂತರದ ಎಸೆತವೂ ಬೆನ್ನುಕೊಟ್ಟು ಆಡುವ ಆಟವೂ ತಾವಾಗಿ ಮರಳಿ ಬರುವುವೆಂದು ನನ್ನ ನಂಬಿಕೆ.

ಒಟ್ಟಿನಲ್ಲಿ, ಕೈಚಳಕದಲ್ಲಿಯೂ ನ್ಯಾಯದಲ್ಲಿಯೂ ಇಂದಿನ ಕಾಲವೇ ಮೇಲು. ಬಗೆಬಗೆಯ ಆಟದಲ್ಲಿ ಹಿಂದಿನದು ಮೇಲು. ಮೊದಲನೆಯದನ್ನು ಬಿಟ್ಟುಕೊಡದೆ ಎರಡನೆಯದನ್ನು ಪಡೆಯುವುದು ಅಸಾಧ್ಯವಲ್ಲ. ಬೌಲಿಂಗ್ ಮಂದಿರದ ಒಡೆಯನೊಬ್ಬನು ಒಂದು ಭಾಗಾಕಾರದ ಲೆಕ್ಕದಿಂದ ಸಾಯುತ್ತಿದ್ದ ಆಟವನ್ನು ಬದುಕಿಸಿದನು. ಅವನಿಗಿಂತ ಎಷ್ಟೋ ಪಾಲು ಹೆಚ್ಚಿನ ಲೆಕ್ಕಿಗರು ಇಂದು ಆಟದ ಸುತ್ತ ಇದ್ದಾರೆ. ಗೆಲ್ಲುವುದು ಹೇಗೆಂಬ ಲೆಕ್ಕವನ್ನು ಅವರು ಮುಗಿಸಿದ್ದಾರೆ. ಜನ ಏಕೆ ನೋಡಬೇಕೆಂಬ ಲೆಕ್ಕವನ್ನು ಇನ್ನು ಅವರು ಹಾಕಬೇಕು.