ಹಾಕಿಸಿಕೊಂಡ ಮೂಗು ಎಷ್ಟು ವರ್ಷ ಬಾಳುತ್ತೆ?

ಮೂಗಿಗೆ ಹಾಕುವ ಇಂಪ್ಲಾಂಟ್‌ಗೆ ಎಕ್ಸ್‌ಪೈರಿ ಡೇಟ್ ಇರುತ್ತಾ? ಚೆನ್ನಾಗಿ ಕಾಣಲಿ ಅಂತ ನಮ್ಮ ವಯಸ್ಸಲ್ಲಿ ಹಾಕಿಸಿಕೊಂಡವರಿಗೆ ಅದು ಇನ್ನೂ 50–60 ವರ್ಷ ಕೆಲಸ ಮಾಡಬೇಕು. ಸೇತುವೆಗೆ ಡಿಸೈನ್ ಲೈಫ್ ಎಷ್ಟು ಅಂತ ಕೇಳುವ ನಾವು ಮೂಗಿಗೂ ಕೇಳಬೇಕು ಅಲ್ವಾ?

ಮೊದಲು ನಮ್ಮ ಕಡೆಯದೇ ಒಂದು ಕೇಸ್ ನೋಡೋಣ. ಭೇರ್ಯದಿಂದ ಹೊರಟು ಕೆ.ಆರ್. ನಗರ, ಮೈಸೂರು ದಾಟಿದರೆ ಶ್ರೀರಂಗಪಟ್ಟಣ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜೀ ಅನ್ನುವವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ವರ್ಷಕ್ಕಿಂತ ಹೆಚ್ಚು ಕಾಲ ಮೂಗಿಲ್ಲದೇ ಇದ್ದ. ಆಮೇಲೆ ಪುಣೆ ಹತ್ತಿರ, ಇಟ್ಟಿಗೆ ಮಾಡುವ ಕುಲದ ಒಬ್ಬ ವೈದ್ಯ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸಿ ಕೂರಿಸಿದ. ನಾವು ಶೀಟ್ ಮೆಟಲ್‌ನಲ್ಲಿ ಮಾಡುವ ಡೆವಲಪ್‌ಮೆಂಟ್ ಡ್ರಾಯಿಂಗ್ ಇದೇ! ಎರಡು ಹುಬ್ಬಿನ ಮಧ್ಯೆ ಒಂದು ಪಟ್ಟಿ ಚರ್ಮವನ್ನು ಮಾತ್ರ ಕತ್ತರಿಸದೆ ಉಳಿಸಿದ್ದ. ರಕ್ತ ಬರುವ ದಾರಿ ಅದೇ. ಸುಮಾರು 25 ದಿನ ಆದಮೇಲೆ, ಹೊಸ ಜಾಗದಿಂದಲೇ ರಕ್ತ ಸಿಗಲು ಶುರುವಾದ ಮೇಲೆ, ಅದನ್ನೂ ಕತ್ತರಿಸಿದ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಇದು ಚಿತ್ರದ ಸಮೇತ ಬಂತು. ಮುಂದೆ 1814ರಲ್ಲಿ ಜೋಸೆಫ್ ಕಾರ್ಪ್ಯೂ ಅಲ್ಲಿ ಇದೇ ವಿಧಾನದಲ್ಲಿ ಆಪರೇಷನ್ ಮಾಡಿದ.

ಆ ಮೂಗು ನಿಂತಿದ್ದು ರಕ್ತದಿಂದ. ಇವತ್ತಿನ ಸಿಲಿಕೋನ್‌ಗೆ ರಕ್ತ ಇಲ್ಲ, ವ್ಯತ್ಯಾಸ ಅಷ್ಟೇ. ಸಿಲಿಕೋನ್ ದೇಹದೊಳಗೆ ಅಷ್ಟು ಸುಲಭಕ್ಕೆ ಹಾಳಾಗಲ್ಲ. ನಯವಾಗಿರುವುದರಿಂದ ದೇಹ ಅದನ್ನು ಅಪ್ಪಿಕೊಳ್ಳೋದೂ ಇಲ್ಲ, ಸುತ್ತ ನಾರಿನ ಒಂದು ಚೀಲ ಕಟ್ಟಿ ಬೇರೆ ಇಟ್ಟುಬಿಡುತ್ತೆ. ಆ ಚೀಲದೊಳಗೆ ಅದು ಅಲುಗಾಡಬಹುದು, ಸ್ವಲ್ಪ ಓರೆಯಾಗಬಹುದು. ನಿಜವಾದ ತೊಂದರೆ ಇರೋದು ಮೂಗಿನ ತುದಿಯಲ್ಲಿ. ಎತ್ತರ ಬೇಕು ಅಂತ ದೊಡ್ಡ ತುಂಡು ಹಾಕಿದರೆ ಚರ್ಮ ಬಿಗಿಯಾಗುತ್ತೆ. ಸಣ್ಣ ರಕ್ತನಾಳಗಳ ಒಳಗಿನ ಒತ್ತಡ ಸುಮಾರು 30 ಮಿಲಿಮೀಟರ್ ಪಾದರಸದಷ್ಟು ಮಾತ್ರ. ಹೊರಗಿನಿಂದ ಅದಕ್ಕಿಂತ ಜಾಸ್ತಿ ಒತ್ತಿದರೆ ರಕ್ತ ನಿಲ್ಲುತ್ತೆ, ಚರ್ಮ ತೆಳ್ಳಗಾಗುತ್ತಾ ಹೋಗುತ್ತೆ. ಕೊನೆಗೆ ಕಾಲಿಗೆ ಚುಚ್ಚಿದ ಮುಳ್ಳು ತಾನೇ ಹೊರಬರುವ ಹಾಗೆ ಇಂಪ್ಲಾಂಟ್ ಹೊರಗೆ ಬರಬಹುದು, ಕೆಲವರಲ್ಲಿ ಎಷ್ಟೋ ವರ್ಷಗಳ ನಂತರ. ಅಂದರೆ ಫೇಲ್ ಆಗೋದು ಮೆಟೀರಿಯಲ್ ಅಲ್ಲ, ಅದರ ಮೇಲಿನ ಚರ್ಮ. ಹಾಗಾಗಿ ಈಗ ತುಂಬಾ ಸರ್ಜನ್‌ಗಳು ಸಿಲಿಕೋನನ್ನು ಮೂಗಿನ ಬೆನ್ನಿಗೆ ಮಾತ್ರ ಇಟ್ಟು, ತುದಿಗೆ ರೋಗಿಯದೇ ಕಿವಿಯ ಮೃದ್ವಸ್ಥಿ ಬಳಸುತ್ತಾರೆ.

ರಂಧ್ರಗಳಿರುವ ಪಾಲಿಎಥಿಲೀನ್ ಇದಕ್ಕೆ ಉಲ್ಟಾ. ರಂಧ್ರಗಳೊಳಗೆ ಅಂಗಾಂಶ ಬೆಳೆದು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಅಲುಗಾಡಲ್ಲ. ಆದರೆ ಸೋಂಕಾಗಿ ತೆಗೆಯಬೇಕಾಗಿ ಬಂದರೆ ಕಷ್ಟ, ಕಿತ್ತು ತೆಗೆಯಬೇಕು.

ಹಾಗಾದರೆ ನಮ್ಮದೇ ಪಕ್ಕೆಲುಬಿನ ಮೃದ್ವಸ್ಥಿ ಹಾಕಿದರೆ ಆಯ್ತಲ್ಲ? ಹೊರಬರುವ ಭಯ ಕಡಿಮೆ, ನಿಜ, ಆದರೆ ಅದು ಬಾಗುತ್ತೆ! ನಮ್ಮ ರೆಸಿಡ್ಯುಯಲ್ ಸ್ಟ್ರೆಸ್ ಪಾಠವೇ ಇದು. ಹೊರಪದರ ಎಳೆತದಲ್ಲಿರುತ್ತೆ, ಒಳಭಾಗ ಅದಕ್ಕೆ ಎದುರಾಗಿ ನಿಂತಿರುತ್ತೆ. ಒಂದೇ ಕಡೆ ಕೆತ್ತಿದರೆ ಬ್ಯಾಲೆನ್ಸ್ ತಪ್ಪಿ, ಹಸಿ ಹಲಗೆಯ ಹಾಗೆ ಡೊಂಕಾಗುತ್ತೆ. 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ಇದನ್ನು ವಿವರಿಸಿ, ಎಲ್ಲಾ ಕಡೆಯಿಂದಲೂ ಸಮನಾಗಿ ಕೆತ್ತಬೇಕು ಅಂದರು. ಈಗಲೂ ಕೆತ್ತಿದ ತುಂಡನ್ನು ಸ್ವಲ್ಪ ಹೊತ್ತು ಸಲೈನ್‌ನಲ್ಲಿ ಇಟ್ಟು, ಬಾಗುತ್ತಾ ಅಂತ ನೋಡಿ ಆಮೇಲೆ ಹಾಕುವ ರೂಢಿ ಇದೆ.

ಈಗಾಗಲೇ ಹಾಕಿಸಿಕೊಂಡವರು ಗಮನಿಸಬೇಕಾದ್ದು ತುದಿಯ ಚರ್ಮವನ್ನು. ಅದು ಕೆಂಪಾಗಿ, ಹೊಳೆಯುತ್ತಾ, ತೆಳ್ಳಗೆ ಕಾಣಲು ಶುರುವಾದರೆ, ನೋವಿಲ್ಲದಿದ್ದರೂ ಸರ್ಜನ್ ಹತ್ತಿರ ಹೋಗಬೇಕು. ಚರ್ಮ ತೂತಾಗುವ ಮೊದಲು ಇಂಪ್ಲಾಂಟ್ ತೆಗೆದರೆ ಮತ್ತೆ ಸರಿಮಾಡೋದು ಸುಲಭ. ತೂತಾದ ಮೇಲೆ ಗಾಯ ಒಣಗುತ್ತಾ ಮುದುಡಿಕೊಂಡು ಮೂಗನ್ನೇ ಗಿಡ್ಡ ಮಾಡಿಬಿಡುತ್ತೆ.